ನಮ್ಮ ಕಾರೂ ಅದರ ಬ್ಯಾಟರಿಯೂ

ಉಳುವ ಎತ್ತು ಬೆಳಗ್ಗೆ ಹಟ್ಟಿಯಲ್ಲಿ ಏಳದೆ ಮಲಗಿದ್ದರೆ ನಮ್ಮ ಹಿರಿಯರು ಮೊದಲು ಬಾರುಕೋಲನ್ನು ಹುಡುಕುತ್ತಿರಲಿಲ್ಲ. ಅದರ ಕಣ್ಣು ನೋಡುತ್ತಿದ್ದರು. ಮೂಗಿನ ತುದಿ ಒಣಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಗೊರಸು ಎತ್ತಿ ಪರೀಕ್ಷಿಸಿ, ನಿನ್ನೆ ಹುಲ್ಲು ತಿಂದಿತೇ, ನೀರು ಕುಡಿಯಿತೇ ಎಂದು ಮನೆಯವರನ್ನು ವಿಚಾರಿಸುತ್ತಿದ್ದರು. ಔಷಧಿಯ ಮಾತು ಆಮೇಲೆ. ಈಗ ಹಲವು ಮನೆಗಳಲ್ಲಿ ಹಟ್ಟಿ ಇದ್ದ ಜಾಗದಲ್ಲಿ ಶೀಟು ಹೊದಿಸಿದ ಮಾಡಿನಡಿ ಕಾರು ನಿಂತಿದೆ. ಅದು ಬೆಳಗ್ಗೆ ಏಳದಿದ್ದರೆ ಮನೆಯ ಯಜಮಾನರು ಕೀಲಿ ತಿರುಗಿಸುತ್ತಾರೆ, ಮತ್ತೊಮ್ಮೆ ತಿರುಗಿಸುತ್ತಾರೆ, ಹತ್ತನೆಯ ಸಲಕ್ಕೆ ಸಿಟ್ಟು ಬಂದು ಬಾನೆಟ್ಟಿಗೆ ಒಂದು ಗುದ್ದು ಕೊಟ್ಟು ವರ್ಕ್‌ಶಾಪಿಗೆ ಫೋನು ಮಾಡುತ್ತಾರೆ. ಮೂಕ ಪ್ರಾಣಿಗೆ ತೋರಿಸುತ್ತಿದ್ದ ತಾಳ್ಮೆ ಯಂತ್ರಕ್ಕೆ ಸಿಗುವುದಿಲ್ಲ. ಯಂತ್ರವಾದರೋ ಅಷ್ಟೊಂದು ಮೂಕವೂ ಅಲ್ಲ. ತನಗೇನಾಗಿದೆ ಎಂಬುದನ್ನು ಅದು ಸದ್ದಿನಿಂದಲೂ ಬೆಳಕಿನಿಂದಲೂ ಹೇಳುತ್ತಲೇ ಇರುತ್ತದೆ. ಕೇಳುವ ಕಿವಿಯೂ ನೋಡುವ ಕಣ್ಣೂ ಬೇಕು, ಅಷ್ಟೆ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಕಾರಿನ ಪುರಾಣವೇಕೆ ಎಂದು ಹೆತ್ತವರು ಕೇಳಬಹುದು. ಕಾರಣ ಎರಡು. ನಮ್ಮ ಕಾರನ್ನು ಈ ಶಾಲೆಯ ಮಕ್ಕಳು ಚೆನ್ನಾಗಿ ಬಲ್ಲರು. ಅದನ್ನು ದೂಡಿದ ಪುಣ್ಯವೂ ಕೆಲವರ ಪಾಲಿಗೆ ಬಂದಿದೆ. ಎರಡನೆಯದಾಗಿ, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನಾವು ಕಲಿಸುವ ವಿದ್ಯುತ್ತಿನ ಪಾಠ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲೇ ಮುಗಿದುಹೋಗುವುದಿಲ್ಲ, ಒಂದು ಮಳೆಯ ರಾತ್ರಿ ಅದು ಒಂದು ಜೀವದ ಕೆಲಸಕ್ಕೂ ಬಂತು ಎಂಬುದನ್ನು ನಾವು ಕಂಡಿದ್ದೇವೆ.

‘ನಾವು’ ಎಂದರೆ ಈ ಶಾಲೆಯ ನಾಲ್ವರು ಅಧ್ಯಾಪಕರು: ಗಣಿತದವರು, ಕನ್ನಡ ಪಂಡಿತರು, ಡ್ರಿಲ್ ಮಾಸ್ಟರು ಮತ್ತು ವಿಜ್ಞಾನದ ಟೀಚರು. ಕಾಸರಗೋಡಿನ ಒಳನಾಡಿನ ಗುಡ್ಡೆಯ ಮೇಲಿರುವ ನಮ್ಮ ಶಾಲೆಗೆ ಬಸ್ಸುಗಳು ಎಷ್ಟು, ಅವು ಮಳೆಗಾಲದಲ್ಲಿ ಯಾವಾಗ ಬರುತ್ತವೆ ಎಂಬುದು ಓದುಗರಿಗೆ ಗೊತ್ತೇ ಇದೆ. ಆದ್ದರಿಂದ ನಾಲ್ವರೂ ಸೇರಿ ಒಂದು ಹಳೆಯ ಮಾರುತಿ 800 ಕಾರನ್ನು ಕೊಂಡೆವು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಆ ಪುಟ್ಟ ಕಾರುಗಳಲ್ಲಿ ನಮ್ಮದು 2003ರ ಮಾದರಿ. ಪೆಟ್ರೋಲಿನ ಖರ್ಚು ನಾಲ್ಕು ಪಾಲು, ರಿಪೇರಿಯ ಖರ್ಚು ನಾಲ್ಕು ಪಾಲು. ಅಭಿಪ್ರಾಯಗಳು ಮಾತ್ರ ಪ್ರತಿಯೊಬ್ಬರಿಗೂ ಪೂರ್ತಿ ಪೂರ್ತಿ.

2022ರ ಜೂನ್ ತಿಂಗಳ ಒಂದು ಬೆಳಗ್ಗೆ ಕಾರು ಏಳಲಿಲ್ಲ. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು, ಅನಂತರ ಮೌನ. ಸಂಭವನೀಯತೆಯ ಲೆಕ್ಕದ ಪ್ರಕಾರ ಇದು ಪೆಟ್ರೋಲಿನ ದೋಷವಿರಬೇಕೆಂದು ಗಣಿತದವರು ಹೇಳಿದರು. ಡ್ರಿಲ್ ಮಾಸ್ಟರು ಶರ್ಟಿನ ತೋಳು ಮಡಚಿ ‘ದೂಡುವ’ ಎಂದರು. ಅವರಿಗೆ ಎಲ್ಲ ಸಮಸ್ಯೆಗೂ ಅದೇ ಪರಿಹಾರ. ಪಂಡಿತರು ‘ಯೋಗ ಕೂಡಿ ಬರಬೇಕು’ ಎಂದು ಛತ್ರಿ ಬಿಡಿಸಿ ಬಸ್ ಸ್ಟ್ಯಾಂಡಿನ ಕಡೆ ನೋಡಿದರು. ಪೇಟೆಯ ಒಂದು ವರ್ಕ್‌ಶಾಪಿನಿಂದ ಬಂದ ಹುಡುಗ ಒಮ್ಮೆ ಕೀಲಿ ತಿರುಗಿಸಿ, ಸದ್ದು ಕೇಳಿ, ಬಾನೆಟ್ಟನ್ನು ಎತ್ತದೆಯೇ ತೀರ್ಪು ಕೊಟ್ಟ: ‘ಸೆಲ್ಫ್ ಹೋಗಿದೆ. ಬದಲಿಸಬೇಕು.’

ಸೆಲ್ಫ್ ಎಂದರೆ ಎಂಜಿನನ್ನು ಮೊದಲು ತಿರುಗಿಸಿ ಎಬ್ಬಿಸುವ ವಿದ್ಯುತ್ ಮೋಟಾರು. ಅದನ್ನು ಬದಲಿಸಲು ಅವನು ಹೇಳಿದ ಮೊತ್ತ ಕೇಳಿ ನಾಲ್ವರೂ ನಾಲ್ಕರಿಂದ ಭಾಗಿಸಿ ನೋಡಿದೆವು. ಭಾಗಿಸಿದ ಮೇಲೂ ಅದು ಸಣ್ಣದಾಗಲಿಲ್ಲ. ಆಗ ವಿಜ್ಞಾನದ ಟೀಚರು, ‘ರೋಗಿಯನ್ನು ನೋಡದೆ ಆಪರೇಷನ್ ಬೇಡ. ಒಂದು ಗಂಟೆ ಕೊಡಿ’ ಎಂದರು. ಪ್ರಯೋಗಶಾಲೆಯ ಕಪಾಟಿನಲ್ಲಿದ್ದ ಮಲ್ಟಿಮೀಟರು ಬಂತು. ಅಂಗಳದಲ್ಲಿ ನಡೆದ ಆ ಒಂದು ಗಂಟೆಯ ಪಾಠವನ್ನು ನಾವು ಉಳಿದ ಮೂವರೂ ಮಕ್ಕಳಂತೆ ನಿಂತು ಕೇಳಿದೆವು.

ಮೊದಲಿಗೆ ಹೆಡ್‌ಲೈಟು ಹಾಕಿ ಎಂದರು. ಹಾಕಿದೆವು, ಬೆಳಕು ಪ್ರಕಾಶಮಾನವಾಗಿಯೇ ಇತ್ತು. ಲೈಟು ಉರಿಯುತ್ತಿರುವಾಗಲೇ ಕೀಲಿ ತಿರುಗಿಸಿ ಎಂದರು. ತಿರುಗಿಸಿದೆವು. ‘ಟಕ್’ ಎಂದಿತು, ಎದುರಿನ ಮುರಕಲ್ಲಿನ ಗೋಡೆಯ ಮೇಲೆ ಬಿದ್ದಿದ್ದ ಬೆಳಕು ನಂದಾದೀಪದಷ್ಟು ಮಂಕಾಯಿತು. ಟೀಚರು ಹೇಳಿದರು: ‘ಸೆಲ್ಫಿನ ಒಳಗೆ ತಂತಿ ಕಡಿದಿದ್ದರೆ ಅದು ವಿದ್ಯುತ್ತನ್ನು ಎಳೆಯುತ್ತಲೇ ಇರಲಿಲ್ಲ, ಬೆಳಕು ಕುಗ್ಗುತ್ತಲೂ ಇರಲಿಲ್ಲ. ಬೆಳಕು ಇಷ್ಟು ಕುಗ್ಗಿದೆಯೆಂದರೆ ಸೆಲ್ಫು ಕೇಳುತ್ತಿದೆ, ಕೊಡುವವರಿಗೆ ಕೊಡಲಾಗುತ್ತಿಲ್ಲ. ಹೆಚ್ಚಾಗಿ ಬ್ಯಾಟರಿ ಸೋತಿರಬೇಕು, ಇಲ್ಲವೆ ಬ್ಯಾಟರಿಯಿಂದ ಹೊರಡುವ ದಾರಿ ಕೆಟ್ಟಿರಬೇಕು.’

ಎರಡರಲ್ಲಿ ಯಾವುದು? ಬಾನೆಟ್ಟು ಎತ್ತಿ ಬ್ಯಾಟರಿಯ ಎರಡು ಸೀಸದ ಗೂಟಗಳ ನಡುವೆ ಮೀಟರಿನ ಕಡ್ಡಿಗಳನ್ನು ಹಿಡಿದರು. 12.6 ವೋಲ್ಟು ಎಂದು ತೋರಿಸಿತು. ರಾತ್ರಿಯಿಡೀ ಸುಮ್ಮನೆ ನಿಂತ ಬ್ಯಾಟರಿ 12.6 ತೋರಿಸಿದರೆ ಅದು ಪೂರ್ತಿ ತುಂಬಿದೆಯೆಂದೇ ಲೆಕ್ಕ. 12.4 ಆದರೆ ಮುಕ್ಕಾಲು ಪಾಲು, 12.2 ಆದರೆ ಅರ್ಧ, 12ರ ಹತ್ತಿರ ಬಂದರೆ ಕಾಲು ಪಾಲು ಮಾತ್ರ ಉಳಿದಿದೆ ಎಂದು ತಿಳಿಯಬೇಕು. ವೋಲ್ಟಿನ ಹತ್ತನೆಯ ಒಂದು ಪಾಲಿಗೂ ಇಲ್ಲಿ ಬೆಲೆಯಿದೆ. ‘12 ಇದೆಯಲ್ಲ, ಸಾಕು’ ಎನ್ನುವಂತಿಲ್ಲ.

ಅನಂತರ ಒಂದು ಕಡ್ಡಿಯನ್ನು ಸೀಸದ ಗೂಟದ ಮೇಲೂ ಇನ್ನೊಂದನ್ನು ಅದೇ ಗೂಟವನ್ನು ಅಪ್ಪಿ ಹಿಡಿದ ಲೋಹದ ಹಿಡಿಯ ಮೇಲೂ ಇಟ್ಟು, ಕೀಲಿ ತಿರುಗಿಸಿ ಎಂದರು. ಒಂದಕ್ಕೊಂದು ತಾಗಿಯೇ ಇರುವ ಎರಡು ಲೋಹಗಳ ನಡುವೆ ವಿಭವಾಂತರ ಸೊನ್ನೆಯ ಹತ್ತಿರ ಇರಬೇಕಷ್ಟೆ. ಮೀಟರು 4 ವೋಲ್ಟು ತೋರಿಸಿತು! ಕಳ್ಳ ಸಿಕ್ಕಿಬಿದ್ದ. ಹಿಡಿಯ ಸುತ್ತ ಬೂದುಬಿಳಿ, ಅಲ್ಲಲ್ಲಿ ಹಸಿರು ಮಿಶ್ರಿತ ಪುಡಿ ಹಿಡಿದಿತ್ತು. ಬ್ಯಾಟರಿಯ ಆಮ್ಲದ ಆವಿಯೂ ನಮ್ಮೂರಿನ ತೇವದ ಗಾಳಿಯೂ ಸೇರಿ ಲೋಹವನ್ನು ತಿಂದು ಬೆಳೆಸಿದ ಬೂಷ್ಟು ಅದು. ಪಾತ್ರೆಗೆ ಹಿಡಿದ ಕಿಲುಬಿನ ನೆಂಟ.

‘ಲೈಟು ಚೆನ್ನಾಗಿ ಉರಿಯುತ್ತಿತ್ತಲ್ಲ, ಅದಕ್ಕೂ ಇದೇ ದಾರಿಯಲ್ಲವೇ?’ ಎಂದು ಪಂಡಿತರು ಕೇಳಿದ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಓಮನ ನಿಯಮದಲ್ಲಿದೆ. ಬೂಷ್ಟು ಒಡ್ಡಿದ ರೋಧ 0.04 ಓಮ್ ಎಂದಿಟ್ಟುಕೊಳ್ಳಿ. ಎರಡು ಹೆಡ್‌ಲೈಟುಗಳು ಎಳೆಯುವ ಪ್ರವಾಹ ಸುಮಾರು 10 ಆಂಪಿಯರ್. ಗುಣಿಸಿದರೆ ನಷ್ಟ 0.4 ವೋಲ್ಟು, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸೆಲ್ಫು ಎಳೆಯುವುದು 100 ಆಂಪಿಯರ್ ಅಥವಾ ಅದಕ್ಕೂ ಹೆಚ್ಚು. ಗುಣಿಸಿದರೆ ನಷ್ಟ 4 ವೋಲ್ಟು! ಮೂರನೆಯ ಒಂದು ಪಾಲು ಬಾಗಿಲಲ್ಲೇ ಸೋರಿಹೋಯಿತು. ಒಬ್ಬೊಬ್ಬರಾಗಿ ದಾಟುವಾಗ ಅಡಿಕೆ ಮರದ ಕಾಲುಸಂಕ ಗಟ್ಟಿಯೆಂದೇ ತೋರುತ್ತದೆ. ಮದುವೆಯ ದಿಬ್ಬಣ ಒಟ್ಟಿಗೆ ಹತ್ತಿದಾಗಲೇ ಅದರ ಬಲ ತಿಳಿಯುವುದು. ಆದುದರಿಂದ ‘ಲೈಟು ಉರಿಯುತ್ತದೆ, ಹಾರ್ನು ಕೂಗುತ್ತದೆ, ಬ್ಯಾಟರಿಯ ದೋಷವಲ್ಲ’ ಎಂಬ ವಾದ ಎಲ್ಲೇ ಕೇಳಿದರೂ ನಂಬಬಾರದು.

ಮೊದಲು ಋಣ ತುದಿಯ ಹಿಡಿ, ಆಮೇಲೆ ಧನ ತುದಿಯ ಹಿಡಿ ಎಂಬ ಕ್ರಮದಲ್ಲಿ ಎರಡನ್ನೂ ಬಿಚ್ಚಿದೆವು. ಕಾರಿನ ಮೈಯೆಲ್ಲ ಋಣ ತುದಿಗೆ ಸೇರಿರುವುದರಿಂದ, ಧನ ತುದಿಯನ್ನು ಬಿಚ್ಚುವಾಗ ಸ್ಪ್ಯಾನರು ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಋಣವನ್ನು ಮೊದಲೇ ಕಳಚಿದ್ದರೆ ಆ ಭಯವಿಲ್ಲ. ಬಿಸಿನೀರಿಗೆ ಅಡುಗೆಸೋಡ ಬೆರೆಸಿ ಎರೆದಾಗ ಬೂಷ್ಟು ಬುಸುಗುಟ್ಟಿ ನೊರೆಯಾಗಿ ಇಳಿಯಿತು; ಆಮ್ಲವೂ ಪ್ರತ್ಯಾಮ್ಲವೂ ಸೇರಿದಾಗ ಇಂಗಾಲದ ಡೈಆಕ್ಸೈಡ್ ಹೊರಡುವ ಅದೇ ಎಂಟನೆಯ ತರಗತಿಯ ಪ್ರಯೋಗ. ಒರೆಸಿ, ಮರಳುಕಾಗದದಿಂದ ಉಜ್ಜಿ, ಧನ ಮೊದಲು, ಋಣ ಕೊನೆಗೆ ಎಂದು ಬಿಗಿದು, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದೆವು. ಕೀಲಿ ತಿರುಗಿಸಿದೊಡನೆ ಕಾರು ಎದ್ದಿತು. ಖರ್ಚು ಒಂದು ಚಮಚ ಸೋಡ. ವರ್ಕ್‌ಶಾಪಿನ ಹುಡುಗನೂ ನಿಂತು ನೋಡುತ್ತಿದ್ದ. ಟೀಚರು ಅವನನ್ನು ಜರೆಯಲಿಲ್ಲ. ಮೀಟರನ್ನು ಅವನ ಕೈಗೇ ಕೊಟ್ಟು ಇನ್ನೊಮ್ಮೆ ಅಳೆಯಿಸಿದರು. ಗೊತ್ತಿಲ್ಲದಿರುವುದು ತಪ್ಪಲ್ಲ, ಅಳೆಯದೆ ಹೇಳುವುದು ಮಾತ್ರ ತಪ್ಪು ಎಂಬ ಮಾತು ಆ ದಿನ ನಮಗೆಲ್ಲರಿಗೂ ಪಾಠವಾಯಿತು.

ಮರುದಿನದಿಂದ ಇದು ತರಗತಿಯಲ್ಲೂ ಪಾಠವಾಯಿತು. ಕಾರು ಏಳದಿದ್ದಾಗ ಬರುವ ಸದ್ದುಗಳನ್ನು ಮಕ್ಕಳು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿದರು. ಎಂಜಿನು ‘ಗೊರ್ರ್... ಗೊರ್ರ್...’ ಎಂದು ಮುದುಕರು ಮೆಟ್ಟಲೇರಿದಂತೆ ನಿಧಾನವಾಗಿ ತಿರುಗಿದರೆ ಬ್ಯಾಟರಿ ಬಲಗುಂದುತ್ತಿದೆ ಎಂಬ ಮುನ್ಸೂಚನೆ. ‘ಟಕಟಕಟಕ’ ಎಂದು ಮಿಷನಿನ ಹೊಲಿಗೆಯಂತೆ ಒಂದೇ ಸಮನೆ ಬಡಿದರೆ ಬ್ಯಾಟರಿ ಬಹಳ ಇಳಿದಿದೆ. ಸೆಲ್ಫಿನ ಮೇಲಿರುವ ವಿದ್ಯುತ್ಕಾಂತ ದಾರಿ ತೆರೆಯುತ್ತದೆ. ಮೋಟಾರು ಎಳೆದೊಡನೆ ವೋಲ್ಟೇಜು ಕುಸಿಯುತ್ತದೆ. ಕಾಂತಕ್ಕೆ ಬಲವಿಲ್ಲದೆ ಬಿಟ್ಟುಬಿಡುತ್ತದೆ. ಬಿಟ್ಟೊಡನೆ ವೋಲ್ಟೇಜು ಚೇತರಿಸಿ ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿನಲ್ಲಿ ಹಲವು ಸಲ ನಡೆಯುವ ಈ ಹಗ್ಗಜಗ್ಗಾಟವೇ ಆ ಸದ್ದು. ‘ಟಕ್’ ಎಂದು ಒಂದೇ ಸಲ ಸದ್ದಾದರೆ ಹಿಡಿ, ತಂತಿ, ಬ್ಯಾಟರಿ, ಸೆಲ್ಫು ಎಲ್ಲವನ್ನೂ ಕ್ರಮವಾಗಿ ನೋಡಬೇಕು. ಸದ್ದೇ ಇಲ್ಲ, ಲೈಟೂ ಇಲ್ಲವೆಂದರೆ ಬ್ಯಾಟರಿ ಪೂರ್ತಿ ಬರಿದಾಗಿದೆ ಅಥವಾ ಹಿಡಿ ಕಳಚಿದೆ. ಇನ್ನು ಎಂಜಿನು ಎಂದಿನ ವೇಗದಲ್ಲೇ ಗಿರಗಿರನೆ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ದೂರುವುದು ಅನ್ಯಾಯ. ಪೆಟ್ರೋಲು ಬರುತ್ತಿದೆಯೇ, ಕಿಡಿ ಹುಟ್ಟುತ್ತಿದೆಯೇ ಎಂದು ನೋಡಬೇಕು.

ಆ ವರ್ಷ ಜುಲೈ ತಿಂಗಳಲ್ಲಿ ಮಳೆ ಬಿಡದೆ ಹೊಯ್ದು ಶಾಲೆಗೆ ಕೆಲವು ದಿನ ರಜೆ ಬಂತು. ನಮ್ಮಲ್ಲಿ ಡ್ರಿಲ್ ಮಾಸ್ಟರೂ ಪಂಡಿತರೂ ಶಾಲೆಯ ಹತ್ತಿರದಲ್ಲೇ ಬಾಡಿಗೆಗೆ ಇದ್ದುದರಿಂದ ಕಾರು ಅಲ್ಲಿಯೇ ನಿಂತಿತ್ತು. ಒಂದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗೊರಬೆ ಹೊದ್ದುಕೊಂಡು ಓಡಿ ಬಂದ. ‘ಮಾಷ್ಟ್ರೆ, ಅಜ್ಜಿಗೆ ಶ್ವಾಸ ಕಟ್ಟುತ್ತಾ ಉಂಟು. ಪಂಪಿನ ಮದ್ದು ಎಳೆದರೂ ಕಡಿಮೆಯಾಗುವುದಿಲ್ಲ.’ 108ಕ್ಕೆ ಫೋನು ಮಾಡಿದ್ದರು. ಕೆಳಗಿನ ತಿರುವಿನಲ್ಲಿ ಹಲಸಿನ ಮರ ಅಡ್ಡ ಬಿದ್ದು ಆಂಬುಲೆನ್ಸು ಮೇಲೆ ಬರುವಂತಿರಲಿಲ್ಲ. ಊರಿನವರು ಕತ್ತಿ ಗರಗಸ ಹಿಡಿದು ಮರದ ಹತ್ತಿರ ಹೋಗಿದ್ದರು. ಅಜ್ಜಿಯನ್ನು ಅಲ್ಲಿಯವರೆಗೆ, ಸುಮಾರು ಎರಡು ಕಿಲೋಮೀಟರು, ಆ ಮಳೆಯಲ್ಲಿ ಹೊತ್ತೊಯ್ಯುವುದು ಹೇಗೆ? ಹತ್ತಿರದಲ್ಲಿದ್ದ ವಾಹನ ನಮ್ಮದೊಂದೇ.

ಕೀಲಿ ತಿರುಗಿಸಿದರೆ ‘ಟಕಟಕಟಕ!’ ಕರೆಂಟಿಲ್ಲದ ಕತ್ತಲೆಯಲ್ಲಿ ಆ ಸದ್ದು ಎದೆಯ ಮೇಲೇ ಬಡಿದಂತಿತ್ತು. ಆ ಹೊತ್ತಿನಲ್ಲಿ ನಮಗಿಂತ ಮೊದಲು ಬಾಯಿ ಬಿಟ್ಟವನು ಆ ಹುಡುಗನೇ. ‘ಹಿಡಿ ಚೊಕ್ಕ ಉಂಟು ಮಾಷ್ಟ್ರೆ, ಟಾರ್ಚು ಹಾಕಿ ನೋಡಿದೆ. ಲೈಟು ಮಂಕು. ಬ್ಯಾಟರಿಯೇ ಡೌನ್. ಆದರೆ ಪೂರ್ತಿ ಆರಿಲ್ಲ.’

‘ಪೂರ್ತಿ ಆರಿಲ್ಲ’ ಎಂಬ ಮಾತಿನಲ್ಲೇ ನಮ್ಮ ದಾರಿಯಿತ್ತು. ದೂಡಿ ಎಬ್ಬಿಸುವಾಗ ಎಂಜಿನನ್ನು ತಿರುಗಿಸುವ ಕೆಲಸ ಚಕ್ರಗಳದು. ಸೆಲ್ಫಿಗೆ ಬೇಕಾದ ನೂರು ಆಂಪಿಯರ್ ಬೇಕಿಲ್ಲ. ಆದರೆ ಪೆಟ್ರೋಲನ್ನು ಪಂಪು ಎತ್ತಬೇಕು, ಎಂಜಿನಿನ ಪುಟ್ಟ ಕಂಪ್ಯೂಟರು ಎಚ್ಚರವಾಗಿರಬೇಕು, ಕಿಡಿ ಹುಟ್ಟಬೇಕು. ಅಷ್ಟಕ್ಕೆ ಕೆಲವೇ ಆಂಪಿಯರ್ ಸಾಕು. ಲೈಟು ಮಂಕಾಗಿಯಾದರೂ ಉರಿಯುತ್ತಿದೆಯೆಂದರೆ ಅಷ್ಟು ಉಳಿದಿರಬಹುದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಈಗಿನ ಕಾರುಗಳನ್ನು ಎಷ್ಟು ದೂಡಿದರೂ ಏಳುವುದಿಲ್ಲ.

ಲೈಟು, ವೈಪರು, ಫ್ಯಾನು ಎಲ್ಲ ಆರಿಸಿದೆವು. ಡ್ರಿಲ್ ಮಾಸ್ಟರು ಚಾಲಕರ ಸೀಟಿನಲ್ಲಿ ಕೂತರು. ಅಂಗಳದಿಂದ ರಸ್ತೆಯವರೆಗೆ ಇಳಿಜಾರು. ಎಂಜಿನು ಏಳುವ ತನಕ ಬ್ರೇಕು ಎಂದಿಗಿಂತ ಬಿಗಿಯಾಗಿರುತ್ತದೆ, ಕಾಲು ಗಟ್ಟಿಯಾಗಿ ಒತ್ತಬೇಕಾಗುತ್ತದೆ ಎಂಬುದು ಅವರಿಗೆ ತಿಳಿದಿತ್ತು. ನೆರೆಮನೆಯವರೊಬ್ಬರು ಟಾರ್ಚು ಹಿಡಿದು ಅಂಚಿನಲ್ಲಿ ನಿಂತರು. ಕೀಲಿಯನ್ನು ತಿರುಗಿಸಿ ಎರಡು ಸೆಕೆಂಡು ತಡೆದು, ಎರಡನೆಯ ಗೇರು, ಕ್ಲಚ್ಚು ಒತ್ತಿ, ‘ದೂಡಿ!’ ಎಂದರು. ಹುಡುಗ, ಅವನ ಅಪ್ಪ, ಪಂಡಿತರು, ಇನ್ನಿಬ್ಬರು ದೂಡಿದರು. ಕಾರು ಓಡತೊಡಗಿದ ಮೇಲೆ ಕ್ಲಚ್ಚು ಬಿಟ್ಟರು. ಒಂದು ಜಗ್ಗು, ಇನ್ನೊಂದು ಜಗ್ಗು, ಎಂಜಿನು ಕೆಮ್ಮಿ ಎದ್ದಿತು. ಲೈಟು ಹಾಕಿದಾಗ ಇಡೀ ಇಳಿಜಾರು ಬೆಳಗಿತು. ಎಂಜಿನು ನಿಲ್ಲದಂತೆ ನೋಡಿಕೊಂಡು ಅಜ್ಜಿಯನ್ನು ಕೂರಿಸಿಕೊಂಡು ಇಳಿದೆವು. ಮರದ ಇನ್ನೊಂದು ಬದಿಯಲ್ಲಿ ಆಂಬುಲೆನ್ಸು ಕಾದಿತ್ತು. ಕಡಿದ ಕೊಂಬೆಗಳ ನಡುವಿನಿಂದ ಅಜ್ಜಿಯನ್ನು ಎತ್ತಿ ದಾಟಿಸಿದರು. ಅಲ್ಲಿಂದಲೇ ಆಮ್ಲಜನಕ ಸಿಕ್ಕಿತು. ಐದು ದಿನಗಳ ಮೇಲೆ ಅಜ್ಜಿ ಮನೆಗೆ ಬಂದರು. ‘ನಿಮ್ಮ ಕಾರಿಗೂ ನನ್ನ ಹಾಗೆ ಉಬ್ಬಸವಂತೆ’ ಎಂದು ನಮ್ಮನ್ನೇ ತಮಾಷೆ ಮಾಡಿದರು.

ಜೂನಿನಲ್ಲಿ 12.6 ತೋರಿಸಿದ ಬ್ಯಾಟರಿ ಜುಲೈಯಲ್ಲಿ ಏಕೆ ಸೋತಿತು ಎಂಬ ಪ್ರಶ್ನೆ ಉಳಿಯಿತಲ್ಲ? ಅದನ್ನೂ ಅಳೆದೇ ತಿಳಿದೆವು. ಬ್ಯಾಟರಿಯನ್ನು ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಅಳೆದರೆ ಮತ್ತೆ 12.6. ಆದರೆ ಸೆಲ್ಫು ತಿರುಗುತ್ತಿರುವಾಗ ಅಳೆದರೆ 8ಕ್ಕಿಂತ ಕೆಳಗೆ ಬಿತ್ತು. ಆರೋಗ್ಯವಂತ ಬ್ಯಾಟರಿ ಆ ಹೊತ್ತಿನಲ್ಲಿ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನು ಎದ್ದ ಮೇಲೆ ಅಳೆದರೆ 14.2, ಅಂದರೆ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರು ಸರಿಯಾಗಿದೆ. 13.8ರಿಂದ 14.5ರ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಎಂಜಿನು ಓಡುವಾಗಲೂ 12ರ ಹತ್ತಿರವೇ ನಿಂತಿದ್ದರೆ ದೋಷ ಆಲ್ಟರ್ನೇಟರಿನದು. ಆಗ ಹೊಸ ಬ್ಯಾಟರಿ ಹಾಕಿದರೂ ಒಂದೆರಡು ದಿನದಲ್ಲಿ ಅದೂ ಬರಿದಾಗುತ್ತದೆ. ಹೀಗೆ ನಿಂತಾಗ, ತಿರುಗುವಾಗ, ಓಡುವಾಗ ಎಂಬ ಮೂರು ಅಳತೆಗಳಿಂದ ದೋಷ ಎಲ್ಲಿದೆಯೆಂದು ಬಹುಮಟ್ಟಿಗೆ ಹೇಳಬಹುದು.

ಹೂಳು ತುಂಬಿದ ಕೆರೆಯನ್ನು ನೀವು ನೋಡಿರಬಹುದು. ಮಳೆ ಬಂದೊಡನೆ ಕಟ್ಟೆಯ ಮಟ್ಟಕ್ಕೆ ತುಂಬಿ ಕಾಣುತ್ತದೆ. ತೋಟಕ್ಕೆ ಪಂಪು ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಕೆಸರು. ನಮ್ಮ ಬ್ಯಾಟರಿಗೆ ಆಗಲೇ ಐದನೆಯ ವರ್ಷ. ಅದರೊಳಗೆ ಆರು ಕೋಶಗಳು, ಒಂದೊಂದರಲ್ಲೂ ಸೀಸದ ಮತ್ತು ಸೀಸದ ಡೈಆಕ್ಸೈಡಿನ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿವೆ. ವಿದ್ಯುತ್ತು ಕೊಡುತ್ತ ಹೋದಂತೆ ಎರಡು ಬಗೆಯ ಫಲಕಗಳೂ ಸೀಸದ ಸಲ್ಫೇಟಾಗಿ, ಆಮ್ಲ ನೀರಾಗುತ್ತ ಬರುತ್ತದೆ; ಚಾರ್ಜು ಮಾಡಿದಾಗ ಹಿಂದಕ್ಕೆ ತಿರುಗುತ್ತದೆ. ವರ್ಷಗಳು ಕಳೆದಂತೆ ಸ್ವಲ್ಪ ಸಲ್ಫೇಟು ಗಟ್ಟಿಯಾಗಿ ಕೂತು ಹಿಂದಕ್ಕೆ ತಿರುಗುವುದಿಲ್ಲ, ಸ್ವಲ್ಪ ಪುಡಿಯಾಗಿ ತಳ ಸೇರುತ್ತದೆ. ಅದೇ ಹೂಳು. ಸೆಖೆಯ ಊರುಗಳಲ್ಲಿ ಇದು ಇನ್ನೂ ಬೇಗ. ಮೂರರಿಂದ ಐದು ವರ್ಷ ಬಾಳಿದರೆ ಬ್ಯಾಟರಿ ತನ್ನ ಋಣ ತೀರಿಸಿತೆಂದೇ ಹೇಳಬೇಕು. ನಾವು ಹೊಸತನ್ನು ಕೊಂಡೆವು.

ಲೆಕ್ಕದ ಮಕ್ಕಳಿಗೆ ಇಲ್ಲಿ ಚೆಂದದ ಲೆಕ್ಕಗಳಿವೆ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆಯದು ಎಂದಿಟ್ಟುಕೊಳ್ಳಿ. 10 ಆಂಪಿಯರ್ ಎಳೆಯುವ ಹೆಡ್‌ಲೈಟು ಆರಿಸದೆ ಉಳಿದರೆ ಮೂರೂವರೆ ಗಂಟೆಗೆ ಬರಿದು. ಬಾಗಿಲು ಸರಿಯಾಗಿ ಮುಚ್ಚದೆ ಒಳಗಿನ 5 ವಾಟಿನ ಬಲ್ಬು ಉರಿಯುತ್ತಿದ್ದರೆ ಸುಮಾರು ಮೂರೂವರೆ ದಿನ. ಎಲ್ಲ ಆರಿಸಿಟ್ಟರೂ ಗಡಿಯಾರ, ಕಂಪ್ಯೂಟರು ಮೊದಲಾದವು 50 ಮಿಲಿ ಆಂಪಿಯರ್ ಹೀರಿದರೆ ದಿನಕ್ಕೆ 1.2 ಆಂಪಿಯರ್-ಗಂಟೆ, ಒಂದು ತಿಂಗಳು ನಿಂತ ಕಾರು ಏಳದಿರಲು ಬೇರೆ ಕಾರಣ ಬೇಕಿಲ್ಲ. ಆದರೆ ಸೆಲ್ಫಿನ ಊಟ ನಾವೆಣಿಸಿದಷ್ಟಿಲ್ಲ. 150 ಆಂಪಿಯರಿನಂತೆ 3 ಸೆಕೆಂಡು ತಿರುಗಿಸಿದರೆ ಕೇವಲ 0.125 ಆಂಪಿಯರ್-ಗಂಟೆ. ಬೇಕಾದುದು ಹೆಚ್ಚು ಹೊತ್ತಿನ ಊಟವಲ್ಲ, ಒಂದು ಕ್ಷಣದ ಬಲ.

ಮಕ್ಕಳು ಇದನ್ನೋದಿ ಹಿರಿಯರಿಲ್ಲದಾಗ ಬಾನೆಟ್ಟು ಎತ್ತಬಾರದು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಕೈಗೆ ತಾಗಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಚಾರ್ಜಾಗುವಾಗ ಜಲಜನಕ ಹೊರಡುವುದರಿಂದ ಹತ್ತಿರ ಬೆಂಕಿಕಡ್ಡಿ, ಬೀಡಿ ಸಲ್ಲದು. ಮುಚ್ಚಳವಿರುವ ಬ್ಯಾಟರಿಯಾದರೆ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾವಿಯ ನೀರು ಎಷ್ಟು ಸಿಹಿಯಿದ್ದರೂ ಬೇಡ. ಬೇರೆ ಕಾರಿನಿಂದ ತಂತಿ ಎಳೆದು ಎಬ್ಬಿಸುವಾಗ ಕೆಂಪು ತಂತಿಯನ್ನು ಸೋತ ಬ್ಯಾಟರಿಯ ಧನಕ್ಕೆ, ಅದರ ಇನ್ನೊಂದು ತುದಿಯನ್ನು ಒಳ್ಳೆಯದರ ಧನಕ್ಕೆ. ಕಪ್ಪು ತಂತಿಯನ್ನು ಒಳ್ಳೆಯದರ ಋಣಕ್ಕೆ, ಅದರ ಕೊನೆಯ ತುದಿಯನ್ನು ಸೋತ ಕಾರಿನ ಎಂಜಿನಿನ ಬರಿಯ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಚ್ಚಬೇಕು. ಕಿಡಿ ಹಾರಿದರೂ ಜಲಜನಕದ ಹತ್ತಿರ ಹಾರದಿರಲಿ ಎಂದು ಈ ಕ್ರಮ. ಬಿಚ್ಚುವಾಗ ಇದರ ತಿರುಗುಮುರುಗು. ತಾನಾಗಿ ಗೇರು ಬದಲಿಸಿಕೊಳ್ಳುವ ಕಾರುಗಳನ್ನು ದೂಡಿ ಎಬ್ಬಿಸಲಾಗುವುದಿಲ್ಲ. ಎಂಜಿನು ಓಡುವಾಗ ಬ್ಯಾಟರಿಯ ಹಿಡಿ ಬಿಚ್ಚಿ ಪರೀಕ್ಷಿಸುವ ಹಳೆಯ ಪದ್ಧತಿ ಈಗಿನ ಕಾರುಗಳ ಕಂಪ್ಯೂಟರಿಗೆ ಅಪಾಯಕರ. ಹಳೆಯ ಬ್ಯಾಟರಿಯನ್ನು ತೋಟದ ಮೂಲೆಗೆ ಎಸೆಯಕೂಡದು; ಸೀಸ ವಿಷ. ಅಂಗಡಿಯವರು ಅದನ್ನು ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. 2022ರಲ್ಲಿ ಹೊಸ ನಿಯಮಗಳೂ ಬಂದಿವೆ. ಹಳೆಯದನ್ನು ಕೊಟ್ಟರೆ ಹೊಸತರ ಬೆಲೆಯೂ ಸ್ವಲ್ಪ ಇಳಿಯುತ್ತದೆ.

ಈ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬವರು 1859ರಲ್ಲಿ ಮಾಡಿದರು. ಆಗ ಕಾರುಗಳೇ ಇರಲಿಲ್ಲ. ಕಾರು ಬಂದ ಮೇಲೂ ಬಹಳ ಕಾಲ ಮುಂದಿನಿಂದ ಕಬ್ಬಿಣದ ಹ್ಯಾಂಡಲು ಹಾಕಿ ತಿರುಗಿಸಿಯೇ ಎಬ್ಬಿಸಬೇಕಿತ್ತು. ಎಂಜಿನು ಹಿಂದಕ್ಕೆ ಒದ್ದು ಎಷ್ಟೋ ಮಂದಿಯ ಮಣಿಕಟ್ಟು ಮುರಿದದ್ದುಂಟು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆಯೇ ಈ ಕಷ್ಟ ತಪ್ಪುತ್ತ ಬಂತು. ಆದರೂ ನಮ್ಮ ಅಂಬಾಸಿಡರು ಮತ್ತು ಜೀಪುಗಳಲ್ಲಿ ಹ್ಯಾಂಡಲು ಹಾಕುವ ತೂತು ಬಹಳ ವರ್ಷ ಇತ್ತು. ಮನೆಯ ಅಜ್ಜಂದಿರನ್ನು ಕೇಳಿ ನೋಡಿ, ಕತೆ ಹೇಳಿಯಾರು.

ಕೊನೆಯದಾಗಿ ಹೆತ್ತವರಲ್ಲಿ ಒಂದು ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ‘ಕನ್ನಡದಲ್ಲಿ ಓದಿ ಮಕ್ಕಳು ಮುಂದೆ ಏನು ಮಾಡಿಯಾರು? ವಿಜ್ಞಾನ ಕನ್ನಡದಲ್ಲಿ ತಲೆಗೆ ಹತ್ತೀತೇ?’ ಎಂಬ ಪ್ರಶ್ನೆ ನಮ್ಮ ಶಾಲೆಗಳ ಜಗಲಿಯಲ್ಲಿ ಕೇಳಿಬರುತ್ತಲೇ ಇದೆ. ನೀವು ಕೇಳುವುದರಲ್ಲಿ ತಪ್ಪಿಲ್ಲ. ಮಕ್ಕಳ ಮುಂದಿನ ದಾರಿಯ ಚಿಂತೆ ನಿಮ್ಮದು. ನಾವು ವಾದ ಮಾಡುವುದಿಲ್ಲ. ವಿಭವಾಂತರ, ರೋಧ, ಪ್ರವಾಹ ಎಂಬ ಮಾತುಗಳನ್ನು ತನ್ನ ಭಾಷೆಯಲ್ಲಿ ಕಲಿತಿದ್ದ ಹುಡುಗನಿಗೆ ಆ ಕತ್ತಲೆಯಲ್ಲಿ ಅವನ್ನು ಬೇರೆ ಭಾಷೆಯಿಂದ ತಿರುಗಿಸಿಕೊಳ್ಳುವ ಕೆಲಸವಿರಲಿಲ್ಲ. ನೋಡಿದ, ಯೋಚಿಸಿದ, ಹೇಳಿದ. ಇಂಗ್ಲಿಷಿನ ಹೆಸರುಗಳನ್ನು ನಾಳೆ ಕಾಲೇಜಿನಲ್ಲಿ ಕಲಿಯುತ್ತಾನೆ. ಅರ್ಥವಾದ ವಿಷಯಕ್ಕೆ ಇನ್ನೊಂದು ಹೆಸರು ಕಲಿಯುವುದು ಕಷ್ಟವಲ್ಲ; ಅರ್ಥವಾಗದ ಹೆಸರನ್ನು ಹೊತ್ತು ತಿರುಗುವುದೇ ಕಷ್ಟ.

ಪ್ರಯೋಗಶಾಲೆಯ ಮಲ್ಟಿಮೀಟರು ಈಗ ಕಪಾಟಿನಲ್ಲಿ ಬೀಗದೊಳಗಿಲ್ಲ, ಮೇಜಿನ ಮೇಲಿದೆ. ಶನಿವಾರ ಮಧ್ಯಾಹ್ನ ಯಾರಾದರೂ ತಮ್ಮ ಮನೆಯ ಸ್ಕೂಟರನ್ನೋ ಕಾರನ್ನೋ ಶಾಲೆಯ ಅಂಗಳಕ್ಕೆ ತಂದರೆ ಟೀಚರೂ ಮಕ್ಕಳೂ ಸೇರಿ ಮೂರು ಅಳತೆ ತೆಗೆದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ ಬನ್ನಿ.